ಝಿಪ್ ಫೈಲಿನ ವೇಷ ಬಿಡಿಸಲು ಹೋಗಿ

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ನಗಲಿಕ್ಕೆ ಬೇರೆ ಖರ್ಚಿಲ್ಲ. ಬೆಳಿಗ್ಗೆ ಫೋನು ಆನ್ ಮಾಡಿದರೆ ಸಾಕು, ಎಲ್ಲಿಯೋ ಏನೋ ಒಂದು ನಡೆದಿರುತ್ತದೆ. ಯಾವ ಊರಿನಿಂದಲೂ ಫೋನು ಬರಲಿಲ್ಲ ಎಂದರೆ ಅವತ್ತು ಎಲ್ಲಾ ಕಡೆ ಕರೆಂಟು ಹೋಗಿದೆ ಎಂದೇ ತಿಳಿಯಬೇಕು.

ನನ್ನದು ಸೇಡಂ. ಅಪ್ಪ ಗುಡಿಯಲ್ಲಿ ಪೂಜೆ ಮಾಡುತ್ತಾರೆ, ಅಮ್ಮ ಮನೆಯಲ್ಲಿ ನನ್ನ ಚಿಂತೆ ಮಾಡುತ್ತಾಳೆ. ನಾನು ಒಂದು ಬ್ಯಾಗಿನಲ್ಲಿ ಸ್ಕ್ರೂಡ್ರೈವರು, ಪೆನ್‌ಡ್ರೈವು, ಬುತ್ತಿಯ ಡಬ್ಬಿ ತುಂಬಿಕೊಂಡು ಚಿತ್ತಾಪುರ, ವಾಡಿ, ಶಹಾಬಾದ ಎಂದು ಬಸ್ಸಿನಲ್ಲೋ ಪ್ಯಾಸೆಂಜರ್ ರೈಲಿನಲ್ಲೋ ತಿರುಗುತ್ತೇನೆ. ಅಮ್ಮನ ಚಿಂತೆಯೆಲ್ಲ ಈ ಬ್ಯಾಗಿನದು. ನನ್ನನ್ನು ನೋಡಲು ಬಂದವರು ನನ್ನ ಓದು, ಬಣ್ಣ, ನಮ್ಮ ಮನೆತನ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಮೂಲೆಯಲ್ಲಿ ನೇತಾಡುವ ಬ್ಯಾಗು ನೋಡಿ ನಿಂತುಬಿಡುತ್ತಿದ್ದರು. "ಲಗ್ನ ಆದಮ್ಯಾಲ ಇದೆಲ್ಲಾ ಬಿಡ್ತಾಳಲ್ರಿ?" ಎಂದು ಕೇಳುವರು. ಅಮ್ಮ "ಹ್ಞೂಂ" ಅನ್ನುವಷ್ಟರಲ್ಲಿ ನಾನು "ಇಲ್ರಿ" ಅಂದಿರುತ್ತಿದ್ದೆ. ಅವರು ಚಹಾ ಮುಗಿಸಿ ಎದ್ದು ಹೋಗುವರು. "ಊರಿಗೆ ಉಪಕಾರಿ, ಮನೀಗೆ ಮಾರಿ" ಎನ್ನುತ್ತಾ ಅಮ್ಮ ಕಪ್ಪು-ಬಸಿ ತೊಳೆಯುವಳು. ನನಗೆ ಮದುವೆ ಬೇಡವಾಗಿತ್ತು ಎಂದಲ್ಲ. ಬೇಕಿತ್ತು. ಬ್ಯಾಗೂ ಬೇಕಿತ್ತು, ಅಷ್ಟೇ.

ಈಗ ಹೇಳುವ ಪ್ರಸಂಗಗಳೆಲ್ಲ ಒಂದೇ ರೋಗಕ್ಕೆ ಸೇರಿದವು. ಝಿಪ್ ಫೈಲು ಎಂದರೆ ಹತ್ತಾರು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಆದರೆ ಕಂಪ್ಯೂಟರು ಅದನ್ನು ಗಂಟಿನ ಹಾಗೆ ತೋರಿಸುವುದಿಲ್ಲ. ಉಳಿದ ಫೋಲ್ಡರುಗಳ ಹಾಗೆಯೇ ಹಳದಿ ಬಣ್ಣದಲ್ಲಿ ತೋರಿಸಿ, ಮೇಲೊಂದು ಸಣ್ಣ ಚೈನಿನ ಚಿತ್ರ ಅಂಟಿಸಿ ಕೈ ತೊಳೆದುಕೊಳ್ಳುತ್ತದೆ. ಆ ಚೈನು ಯಾರ ಕಣ್ಣಿಗೂ ಬೀಳುವುದಿಲ್ಲ. ಫೋಲ್ಡರೇ ಇರಬೇಕೆಂದು ಜನ ಒಳಗೆ ಹೊಕ್ಕು ಕೆಲಸಕ್ಕೆ ಕೂಡುತ್ತಾರೆ. ಓದಲು ಅಡ್ಡಿಯಿಲ್ಲ, ಆದರೆ ಅಲ್ಲಿ ಕೂತು ಬರೆದದ್ದು ಗಂಟಿನೊಳಗೆ ಉಳಿಯುವುದಿಲ್ಲ. ಇದಕ್ಕೆ ನನ್ನ ಮದ್ದು ಒಂದೇ. ಸೆಟ್ಟಿಂಗು ಬದಲಿಸಿ ಝಿಪ್ ಫೈಲಿನ ಹಳದಿ ವೇಷ ಕಳಚುತ್ತೇನೆ, ಬೇರೆ ಬಣ್ಣದ ಕಟ್ಟಿನ ಚಿತ್ರ ಕೊಡುತ್ತೇನೆ. ಒತ್ತಿದರೆ ಅದು "ಎಲ್ಲಿ ಬಿಚ್ಚಲಿ?" ಎಂದು ಕೇಳುತ್ತದೆ. ಬಿಚ್ಚಿಕೊಂಡು ಕೆಲಸ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಬಂದದ್ದೆಲ್ಲ ನಾನು ಹೀಗೆ ಬದಲಿಸಲು ಹೋದಲ್ಲೇ.

ಕಾವಲುಗಾರನ ಆಣೆ

ಸೇಡಂನಲ್ಲಿ ಸಿಮೆಂಟಿನ ಲಾರಿಗಳನ್ನು ಓಡಿಸುವ ಒಬ್ಬ ಮಾಲೀಕರಿದ್ದಾರೆ. ದಿನಾ ಸಂಜೆ ಯಾವ ಲಾರಿ ಎಲ್ಲಿಗೆ ಹೋಯಿತೆಂದು ತಾವೇ ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಬರೆದದ್ದು ಇರುವುದಿಲ್ಲ. ಹಳೆಯದೆಲ್ಲ ಇದೆ, ನಿನ್ನೆಯದು ಮಾತ್ರ ಇಲ್ಲ. ನಾನು ಹೋಗುವ ಹೊತ್ತಿಗೆ ಕಂಪ್ಯೂಟರಿನ ತಲೆಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು.

"ಯಾವನೋ ರಾತ್ರಿ ಬಂದು ಅಳಸಾಕತ್ಯಾನ್ರಿ" ಎಂದರು ಮಾಲೀಕರು. "ಮೊದಲ ನಮ್ಮ ವಾಚ್‌ಮನ್ ಮ್ಯಾಗ ಡೌಟ್ ಬಂತು. ಗುಡಿಗೆ ಕರಕೊಂಡು ಹೋಗಿ ಆಣಿ ಮಾಡಿಸೀನಿ. ನಾ ಮುಟ್ಟಿಲ್ಲ, ಯಾರಿಗೂ ಮುಟ್ಟಗೊಡಂಗಿಲ್ಲ ಅಂತ ದೇವರ ಮುಂದ ಕರ್ಪೂರ ಹಚ್ಚಿ ಹೇಳ್ಯಾನ."

ಅವರು ಬರೆಯುತ್ತಿದ್ದ ಫೈಲು ತೆರೆದು ತೋರಿಸಲು ಹೇಳಿದೆ. ಅದು ಝಿಪ್ಪಿನೊಳಗೆ ಕೂತಿತ್ತು. ಲೆಕ್ಕ ಬರೆಯುವ ಹಳೆಯ ಗುಮಾಸ್ತರು ಕೆಲಸ ಬಿಡುವಾಗ ಎಲ್ಲವನ್ನೂ ಅಚ್ಚುಕಟ್ಟಾಗಿ ಗಂಟು ಕಟ್ಟಿಟ್ಟು ಹೋಗಿದ್ದರು. ಇವರು ಬಿಚ್ಚದೆ ಅದರೊಳಗೇ ಸಂಸಾರ ನಡೆಸಿದ್ದರು. ನಾನು ಝಿಪ್ಪಿನ ಬಣ್ಣ ಬದಲಿಸಿ, ಗಂಟು ಬಿಚ್ಚಿ, ಬರೆದು ಉಳಿಸಿ, ಮುಚ್ಚಿ ತೆರೆದು ತೋರಿಸಿದೆ. ಬರೆದದ್ದು ಇತ್ತು.

ಮಾಲೀಕರು ಸ್ವಲ್ಪ ಹೊತ್ತು ನಿಂಬೆಹಣ್ಣನ್ನೇ ನೋಡಿದರು. "ಅಂದ್ರ ಕಳ್ಳ ನಾನೇ ಅನ್ರಿ."

"ಕಳ್ಳ ಯಾರೂ ಇಲ್ರಿ. ಪಾಪ, ವಾಚ್‌ಮನ್‌ಗೆ ಒಂದು ಮಾತು ಹೇಳಿಬಿಡ್ರಿ, ಅಂವ ಹೆದರಿಕೊಂಡಿರ್ತಾನ."

ಮಾಲೀಕರು ಗಾಬರಿಯಾಗಿ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅವಂಗ ಮಾತ್ರ ಹೇಳಬ್ಯಾಡ್ರಿ! ಆಣಿ ಮಾಡಿದಾಗಿಂದ ಅಂವ ನಿದ್ದೀನೇ ಮಾಡವಲ್ಲ. ಭಾಳ ಛಲೋ ಕಾಯಾಕತ್ಯಾನ."

ಅಣ್ಣ ತಮ್ಮಂದಿರ ಗೋಡೆ

ಈ ಮಾಲೀಕರೇ ನನ್ನ ನಂಬರನ್ನು ಶಹಾಬಾದಕ್ಕೆ ಕೊಟ್ಟರು. ಅಲ್ಲಿ ಅವರ ಲಾರಿಯಲ್ಲಿ ನೆಲಹಾಸು ಕಲ್ಲು ಕಳಿಸುವ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಮನೆ ಪಾಲಾಗಿದೆ, ಕಲ್ಲಿನ ಗಣಿ ಪಾಲಾಗಿದೆ, ಅಡುಗೆಮನೆಯ ಒಳಕಲ್ಲು ಯಾರಿಗೆ ಎನ್ನುವುದೂ ಹಿರಿಯರ ಮುಂದೆ ತೀರ್ಮಾನವಾಗಿದೆ. ಆಫೀಸಿನ ಒಂದು ಕಂಪ್ಯೂಟರು ಮಾತ್ರ ಪಾಲಾಗದೆ ಉಳಿದಿತ್ತು. ಬೆಳಿಗ್ಗೆ ಅಣ್ಣ ಕೂಡುವುದು, ಮಧ್ಯಾಹ್ನ ತಮ್ಮ ಕೂಡುವುದು.

ನಾನು ಹೋದಾಗ ತಮ್ಮನಿದ್ದ. ಅವನಿಗೂ ಅದೇ ರೋಗ. ಝಿಪ್ಪಿನ ವೇಷ ಕಳಚಿ ಬಂದೆ. ಸೇಡಂ ಮುಟ್ಟುವ ಮೊದಲೇ ಅಣ್ಣನ ಫೋನು ಬಂತು. "ನನ್ನ ಹಳದಿ ಫೋಲ್ಡರ್ ಎಲ್ಲಾ ಗಾಯಬ್ ಆಗ್ಯಾವ್ರಿ! ಬ್ಯಾರೇ ಏನೋ ಕಟ್ಟು ಬಂದು ಕುಂತಾವ. ತಮ್ಮ ಏನೋ ಮಾಡ್ಯಾನ." ಅವರು ಝಿಪ್ಪಿನೊಳಗೆ ಹೋಗಿ ಬರೀ ಓದುವವರು, ಬರೆಯುವವರಲ್ಲ. ಅವರಿಗೆ ಹಳದಿಯೇ ಬೇಕು. ಮರುದಿನ ಹೋಗಿ ಹಳದಿ ಮಾಡಿದೆ. ಮಧ್ಯಾಹ್ನ ತಮ್ಮನ ಫೋನು ಬಂತು. "ಅಣ್ಣ ಮತ್ತ ಹಳದಿ ಮಾಡ್ಯಾನ್ರಿ. ಪಾಲು ಆದಮ್ಯಾಗೂ ದಬ್ಬಾಳಿಕಿ ಬಿಡವಲ್ಲ."

ಹೀಗೆ ಹಳದಿ ಮಾಡುವುದು, ತೆಗೆಯುವುದು ನಡೆದೇ ನಡೆಯಿತು. ರೈಲಿನ ಟಿಕೆಟು ಕೊಡುವವರಿಗೂ ನನ್ನ ಮುಖ ಪರಿಚಯವಾಯಿತು. ಕೊನೆಗೆ ಇಬ್ಬರನ್ನೂ ಒಟ್ಟಿಗೆ ಕೂಡಿಸಿ ಹೇಳಿದೆ. "ಕಂಪ್ಯೂಟರಿನ ಒಳಗ ಒಂದು ಗ್ವಾಡಿ ಕಟ್ಟತೀನ್ರಿ. ಅಣ್ಣಾರು ಅವರದೇ ಹೆಸರು ಒತ್ತಿ ಒಳಗ ಬಂದ್ರ ಎಲ್ಲಾ ಹಳದಿ. ತಮ್ಮ ಬಂದ್ರ ಎಲ್ಲಾ ಕಟ್ಟು. ಒಬ್ಬರದು ಒಬ್ಬರಿಗೆ ಕಾಣಂಗಿಲ್ಲ."

ಇಬ್ಬರಿಗೂ ಖುಷಿಯಾಯಿತು. ಪಾಲಿನ ದಿನವೂ ಇಷ್ಟು ಶಾಂತಿಯಿರಲಿಲ್ಲವಂತೆ. ಬಿಸಿ ಭಜಿ ತರಿಸಿ ತಿನ್ನಿಸಿ ಕಳಿಸಿದರು. ಮರುದಿನ ಬೆಳಿಗ್ಗೆ ಅಣ್ಣನ ಫೋನು ಬಂತು, ಪಿಸುಮಾತಿನಲ್ಲಿ.

"ಮೇಡಂ, ಗ್ವಾಡಿ ಭಾಳ ಮಸ್ತ್ ಆಗ್ಯಾದ್ರಿ. ಅದಕ್ಕೊಂದು ಸಣ್ಣ ಕಿಟಕಿ ಇಡಾಕ ಬರ್ತದೇನ್ರಿ? ನನ್ನ ಕಡಿಂದ ಅಷ್ಟ ಕಾಣಬೇಕು."

ಮರುಕ್ಷಣವೇ ಇನ್ನೊಂದು ಫೋನು ಬಂತು. ತಮ್ಮನದು. ಎತ್ತದೆಯೇ ವಿಷಯ ಗೊತ್ತಾಯಿತು.

ಫೋಲ್ಡರಿನೊಳಗಿನ ಕನ್ಯೆ

ಚಿತ್ತಾಪುರದಿಂದ ಒಬ್ಬ ಲೆಕ್ಚರರು ಫೋನು ಮಾಡಿದರು. ನಂಬರು ಯಾರೋ ಸ್ನೇಹಿತರು ಕೊಟ್ಟಿದ್ದಂತೆ. ಹೋಗಿ ನೋಡಿದರೆ ಅವರ ಪರದೆಯ ಮೇಲೆ ಹಳದಿ ಬಿಟ್ಟರೆ ಬೇರೆ ಬಣ್ಣವಿಲ್ಲ. ರಾಶಿ ಮಾಡಿದ ಅರಿಶಿನದ ಕೊಂಬಿನ ಹಾಗೆ ಫೋಲ್ಡರುಗಳು ತುಂಬಿದ್ದವು.

"ಇದರಾಗ ಯಾವುದು ಝಿಪ್ಪು, ಯಾವುದು ಫೋಲ್ಡರು ತಿಳಿಯವಲ್ದು ನೋಡ್ರಿ" ಎಂದರು. "ಒಂದು ಝಿಪ್ಪಿನ್ಯಾಗ ಫೋಟೋ ಬಂದಾವ. ಯಾವ ಹೆಸರಲೇ ಇಟ್ಟೀನೋ ಮರ್ತೀನಿ. ಹುಡಿಗಿ ಫೋಟೋ ನೋಡಿದಿಯೇನೋ ಅಂತ ಅವ್ವ ದಿನಾ ಬೈಯಾಕತ್ತಾಳ."

"ಬಣ್ಣ ಬದಲಿಸಿಬಿಟ್ರ ತಾನ ಕಾಣ್ತದ ಬಿಡ್ರಿ" ಎಂದು ನಾನು ಕೆಲಸ ಹಿಡಿದೆ. ಅವರು ಮಾತು ಮುಂದುವರಿಸಿದರು. ಮಾತುಗಾರರು, ಕೆಟ್ಟವರೇನಲ್ಲ.

"ಹುಡಿಗಿ ಸೇಡಂದಾಕಿ ಅಂತ. ಓದ್ಯಾಳ, ಮನಿತನ ಛಲೋ ಅದ. ಆದ್ರ ಬ್ಯಾಗ್ ಹಾಕ್ಕೊಂಡು ಊರೂರು ತಿರಗತಾಳಂತ್ರಿ. ಲಗ್ನ ಆಗಲಿ, ಆ ಬ್ಯಾಗು ಅಟ್ಟದ ಮ್ಯಾಗ ಒಗದುಬಿಡೂಣು ಅಂತಾಳ ನಮ್ಮವ್ವ."

ಸೇಡಂನಲ್ಲಿ ಬ್ಯಾಗು ಹಾಕಿಕೊಂಡು ತಿರುಗುವ ಕನ್ಯೆಯರು ಬಹಳ ಮಂದಿ ಇಲ್ಲ. ನೆಲದ ಮೇಲಿದ್ದ ಬ್ಯಾಗನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟರಲ್ಲಿ ಸೆಟ್ಟಿಂಗು ಬದಲಾಗಿ, ಆ ಹಳದಿಯ ನಡುವೆ ಒಂದೇ ಒಂದು ಫೈಲು ಬೇರೆ ಬಣ್ಣಕ್ಕೆ ತಿರುಗಿತು.

"ಇದೇ, ಇದೇ! ತೆಗೀರಿ, ನೀವೂ ನೋಡಿ ಹೇಳ್ರಿ ಹುಡಿಗಿ ಹ್ಯಾಂಗ ಅದಾಳಂತ" ಎಂದರು ಉತ್ಸಾಹದಿಂದ.

ತೆಗೆದೆ. ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಅಮ್ಮನ ಸರ ಹಾಕಿಕೊಂಡು, ನಾನು ಪರದೆಯ ತುಂಬ ನಗುತ್ತಿದ್ದೆ.

ಲೆಕ್ಚರರು ಪರದೆ ನೋಡಿದರು. ನನ್ನನ್ನು ನೋಡಿದರು. ತೊಡೆಯ ಮೇಲಿನ ಬ್ಯಾಗು ನೋಡಿದರು. ಮತ್ತೆ ಪರದೆ ನೋಡಿದರು. ಗಂಟಲು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು.

"ಸರ್ವಿಸ್ ಚಾರ್ಜ್ ಎಷ್ಟಾತ್ರಿ?"

ಆ ಮನೆಯಿಂದ ಮತ್ತೆ ಫೋನೇ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಪ್ರಿಂಟರು ಕೆಟ್ಟಿತ್ತು.

ಸೀಲು ಒಡೆಯದ ಪಾರ್ಸಲ್ಲು

ಈ ಸುದ್ದಿ ಕೇಳಿ ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ವಾಡಿಯಿಂದ ಕರೆ ಬಂತು. ರೈಲ್ವೆಯಲ್ಲಿ ಪಾರ್ಸಲ್ ಕ್ಲರ್ಕ್ ಆಗಿ ನಿವೃತ್ತರಾದ ಹಿರಿಯರೊಬ್ಬರು, ಅಪ್ಪನ ಗುಡಿಗೆ ಬಂದು ಹೋಗುವವರು. ಸೊಲ್ಲಾಪುರದ ಮಗಳು ಮೊಮ್ಮಗನ ಜಾವಳದ ಫೋಟೋಗಳನ್ನು ಝಿಪ್ ಮಾಡಿ ಕಳಿಸಿದ್ದಳು. ಹಳದಿ ಫೋಲ್ಡರ್ ಎಂದುಕೊಂಡು ಅಜ್ಜ ಒಳಗೆ ಹೊಕ್ಕು, ಹೊರಗೆ ಬರಲು ದಾರಿ ತಿಳಿಯದೆ ಕಂಪ್ಯೂಟರನ್ನೇ ಬಂದ್ ಮಾಡಿದ್ದರು. ನಾನು ಎಂದಿನಂತೆ ವೇಷ ಕಳಚಿ, ಬೆಲ್ಟು ಬಿಗಿದ ಕಟ್ಟಿನ ಚಿತ್ರ ಬರುವಂತೆ ಮಾಡಿದೆ.

ಅದನ್ನು ನೋಡಿದ್ದೇ ತಡ, ಅಜ್ಜ ನೆಟ್ಟಗೆ ಕೂತರು. "ಹಾಂ! ಇದು ಪಾರ್ಸಲ್ಲು. ಮೊದಲ ಹಿಂಗ ತೋರಸಬಾರದಿತ್ತೇನು?"

"ಈಗ ಬಿಚ್ಚೂಣ್ರಿ" ಎಂದು ನಾನು ಮೌಸಿಗೆ ಕೈ ಹಾಕಿದೆ.

"ಏ, ತಡಿ ತಡಿ! ಸಾಕ್ಷಿ ಇಲ್ಲದ ಪಾರ್ಸಲ್ ಬಿಚ್ಚಬಾರದು. ಜನ್ಮದಾಗ ಬಿಚ್ಚಿಲ್ಲ ನಾ."

ಎದ್ದು ಹೋಗಿ, ಎದುರಿನ ಕಿರಾಣಿ ಅಂಗಡಿಯವರನ್ನೂ ಪಕ್ಕದ ಮನೆಯ ನಿವೃತ್ತ ಇಂಜಿನ್ ಡ್ರೈವರನ್ನೂ ಕರೆತಂದರು. ಇಬ್ಬರೂ ಕಂಪ್ಯೂಟರಿನ ಎಡಬಲಕ್ಕೆ ಪಂಚರ ಹಾಗೆ ನಿಂತರು. "ಸೀಲು ಸಾಬೂತ ಅದ, ನೋಡಿಕೊಳ್ರಿ" ಎಂದು ಅಜ್ಜ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅವರು ತಲೆಯಾಡಿಸಿದ ಮೇಲೆ ನನಗೆ ಅಪ್ಪಣೆ ಸಿಕ್ಕಿತು. ಒತ್ತಿದೆ. ತಲೆ ಬೋಳಿಸಿಕೊಂಡು ಅಳುವ ಮೊಮ್ಮಗನ ಫೋಟೋಗಳು ಸಾಲಾಗಿ ಹೊರಬಂದವು. ಮೂವರೂ ಬಾಗಿ ಬಾಗಿ ನೋಡಿ ಸಂತೋಷಪಟ್ಟರು. ನನಗೂ ಸಂತೋಷವಾಯಿತು.

ಚಹಾ ಕುಡಿಯುವಾಗ ಅಜ್ಜ ನನ್ನ ಮದುವೆಯ ಮಾತು ಕೇಳಿದರು. ನಾನು ಚಿತ್ತಾಪುರದ ಕಥೆ ಹೇಳಿದೆ. ಇಂಜಿನ್ ಡ್ರೈವರ್ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಅಜ್ಜ ಮಾತ್ರ ಯೋಚನೆ ಮಾಡಿ, "ಚಿಂಚೋಳ್ಯಾಗ ನಮ್ಮ ಷಡ್ಡಕನ ಮಗ ಅದಾನವಾ, ದನದ ಡಾಕ್ಟರ್. ಅಂವನೂ ಬ್ಯಾಗ್ ಹಾಕ್ಕೊಂಡೇ ತಿರಗತಾನ. ನಿಮ್ಮಪ್ಪಗ ನಾ ಮಾತಾಡ್ತೀನಿ" ಎಂದರು.

ಆಮೇಲೆ ಅವರ ಕಣ್ಣು ಮತ್ತೆ ಕಂಪ್ಯೂಟರಿನ ಮೇಲೆ ಬಿತ್ತು. ಕನ್ನಡಕ ಏರಿಸಿ ಹತ್ತಿರ ಹೋದರು. "ಅಲ್ಲಾ, ಒಳಗಿಂದೆಲ್ಲಾ ಹೊರಗ ತಗದ್ವಿ. ಪಾರ್ಸಲ್ಲು ಇನ್ನೂ ಇಲ್ಲೇ ಅದಲ್ಲ?"

"ಅದು ಹಂಗ ಉಳೀತದ್ರಿ. ಎಷ್ಟು ಸಲ ತಗದ್ರೂ ಒಳಗ ತುಂಬೇ ಇರ್ತದ."

ಅಜ್ಜ ಸಾಕ್ಷಿಗಳ ಕಡೆ ತಿರುಗಿ ಉಸಿರುಬಿಟ್ಟರು. "ನಮ್ಮ ಸರ್ವೀಸಿನಾಗ ಇಂಥಾ ಪಾರ್ಸಲ್ ಬಂದಿದ್ರ, ಮಾವಿನಹಣ್ಣಿನ ಬುಟ್ಟಿ ಹಗುರ ಆಗ್ಯಾದಂತ ಒಬ್ಬನೂ ಕಂಪ್ಲೇಂಟ್ ಕೊಡ್ತಿರಲಿಲ್ಲ ನೋಡ್ರಿ."

ಚಿಂಚೋಳಿಯಲ್ಲಿ ಕನ್ಯೆ ನೋಡಿದ್ದು

ಅಜ್ಜ ಮಾತು ಉಳಿಸಿಕೊಂಡರು. ಗಂಡಿನ ಅಜ್ಜಿಗೆ ದೂರ ಪ್ರಯಾಣ ಆಗುವುದಿಲ್ಲವೆಂದು ನಮ್ಮನ್ನೇ ಚಿಂಚೋಳಿಗೆ ಕರೆದರು. ಹೊರಡುವ ಮುಂಚೆ ಅಮ್ಮ ಕಟ್ಟಪ್ಪಣೆ ಮಾಡಿದಳು. "ಬ್ಯಾಗು ಇಲ್ಲೇ ಇರಲಿ. ಕಂಪ್ಯೂಟರ್ ಅಂತ ಬಾಯಿ ಬಿಡಬ್ಯಾಡ. ಅವರ ಮನ್ಯಾಗ ಮಷಿನ್ ಹೊಗಿ ಬಿಟ್ರೂ ನೀ ನೆಲಾ ನೋಡ್ಕೋತ ಕುಂದ್ರು." ನನಗೂ ಇದೊಂದು ಸಂಬಂಧ ಕೂಡಲಿ ಎಂದು ಆಸೆಯಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಖಾಲಿ ಹೆಗಲು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಮನೆ ತುಂಬ ಜನ. ಉಪ್ಪಿಟ್ಟು ಬಂತು, ಚಹಾ ಬಂತು. ಗಂಡಿನ ಅಪ್ಪ ನಿವೃತ್ತ ಹೆಡ್‌ಮಾಸ್ತರರು. ಹಿರಿಯ ಮಗಳ ಮದುವೆಯ ಫೋಟೋಗಳನ್ನು ಬೀಗರಿಗೆ ತೋರಿಸಬೇಕೆಂದು ಲ್ಯಾಪ್‌ಟಾಪ್ ತೆರೆದರು. ನನ್ನ ಗ್ರಹಚಾರ, ಫೋಟೋಗಳೆಲ್ಲ ಝಿಪ್ಪಿನೊಳಗಿದ್ದವು. ಒಂದು ಫೋಟೋ ತೆಗೆಯುವರು. ಮುಂದಿನದಕ್ಕೆ ಒತ್ತಿದರೆ ಬರುವುದಿಲ್ಲ. ಮುಚ್ಚುವರು, ಮತ್ತೆ ಹಳದಿ ಫೋಲ್ಡರಿಗೆ ಹೋಗುವರು, ಇನ್ನೊಂದು ಹುಡುಕುವರು, ಹೋದ ಸಲದ್ದೇ ಮತ್ತೆ ತೆಗೆಯುವರು. ಅರಿಶಿನದ ಶಾಸ್ತ್ರದಲ್ಲಿಯೇ ಇದ್ದೆವು, ತಾಳಿ ಬಹಳ ದೂರವಿತ್ತು. ಅಪ್ಪ ಮರ್ಯಾದೆಗೆ "ಛಂದ ಬಂದದ, ಛಂದ ಬಂದದ" ಎನ್ನುತ್ತಿದ್ದರು. ನನ್ನ ಬೆರಳುಗಳು ಸೆರಗಿನ ತುದಿಯಲ್ಲಿ ತಾವೇ ಒತ್ತಲು ಶುರುಮಾಡಿದವು.

ಮೂಲೆಯಿಂದ ಗಂಡಿನ ಅಜ್ಜಿಯ ದನಿ ಬಂತು. "ಹುಡಿಗಿ ಯಾಕ ಆ ಡಬ್ಬಿ ಕಡೀನೇ ನೋಡಾಕತ್ತಾಳ? ಹುಡುಗ ಈ ಕಡಿ ಕುಂತಾನ!"

ಎಲ್ಲರೂ ನಕ್ಕರು. ನಾನು ಎದ್ದೇಬಿಟ್ಟೆ. ಅಮ್ಮ ನನ್ನ ಸೆರಗು ಹಿಡಿಯಲು ಹೋದಳು, ಸಿಗಲಿಲ್ಲ. "ಸ್ವಲ್ಪ ಸರೀರಿ ಮಾವಾರ" ಎಂದು ಬಾಯಿತಪ್ಪಿ ಅಂದುಬಿಟ್ಟೆ. ಅವರು ಸರಿದರು. ಝಿಪ್ಪಿನ ವೇಷ ಕಳಚಿದೆ, ಗಂಟು ಬಿಚ್ಚಿದೆ, ಒಂದು ಗುಂಡಿ ತೋರಿಸಿ "ಇದನ್ನ ಒತ್ತಗೋತ ಹೋಗ್ರಿ" ಎಂದೆ. ಅರಿಶಿನ ಮುಗಿದು, ದೇವರಕಾರ್ಯ ದಾಟಿ, ತಾಳಿ ಕಟ್ಟಿ, ಊಟದ ಪಂಕ್ತಿಯವರೆಗೆ ಫೋಟೋಗಳು ಸರಸರನೆ ಓಡಿದವು. ಹೆಡ್‌ಮಾಸ್ತರರು ಕಿಟಕಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದರು. "ಏ ಮಾಸ್ತರ! ನಿಮ್ಮ ಮಷಿನ್ ತಗೊಂಡು ಜಲ್ದಿ ಬರ್ರಿ. ರಿಪೇರಿ ಮಾಡೋರು ಮನಿಗೇ ಬಂದಾರ!"

ಎದುರುಮನೆಯ ಮಾಸ್ತರು ಬಂದರು. ಅವರ ಹಿಂದೆ ಸೊಸೈಟಿಯ ಕಾರ್ಯದರ್ಶಿ ಬಂದರು. ತೆಲುಗು ಮಾತಾಡುವ ಎಣ್ಣೆಯಂಗಡಿಯವರು "ಮಾದಿ ಕೂಡಾ ಚೂಡಮ್ಮಾ" ಎಂದು, ತಮ್ಮದನ್ನೂ ನೋಡಲು ಹೇಳುತ್ತಾ, ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಅಂಗಳದಲ್ಲಿ ಜಮಖಾನ ಹಾಸಬೇಕಾಯಿತು. ಅಮ್ಮ ಹಣೆ ಹಿಡಿದುಕೊಂಡು ಕೂತಿದ್ದಳು. ಎಣ್ಣೆಯಂಗಡಿಯವರ ಯಂತ್ರಕ್ಕೆ ಸ್ಕ್ರೂಡ್ರೈವರು ಬೇಕಾದಾಗ ನನ್ನ ಕೈ ಅಭ್ಯಾಸಬಲದಿಂದ ಹೆಗಲಿಗೆ ಹೋಯಿತು. ಬ್ಯಾಗು ಸೇಡಂನಲ್ಲಿತ್ತು.

ಅಷ್ಟು ಹೊತ್ತು ಮಾತಾಡದ ಗಂಡು ತನ್ನ ಬ್ಯಾಗು ತಂದು ನನ್ನ ಪಕ್ಕದಲ್ಲಿಟ್ಟ. ಒಳಗೆ ದನಗಳಿಗೆ ಹಾಕುವ ದೊಡ್ಡ ಸೂಜಿ, ಔಷಧಿ, ಕತ್ತರಿ, ಚಿಮಟಿಗೆ. "ಚಿಮಟಿಗಿ ನಡೀತದೇನು ನೋಡ್ರಿ" ಎಂದ. ನಡೆಯಿತು. ನಾನು ಸ್ಕ್ರೂ ತಿರುಗಿಸುವುದನ್ನು ನೋಡುತ್ತಾ ಅವನು ಮೆಲ್ಲಗೆ ಹೇಳಿದ. "ನಿಮ್ಮದೂ ನಮ್ಮದೂ ಒಂದೇ ಕೆಲಸ ಬಿಡ್ರಿ. ನಿಮ್ಮ ಪೇಷಂಟು ಒದಿಯಂಗಿಲ್ಲ, ಅಷ್ಟ ಫರಕ."

"ಪೇಷಂಟು ಒದಿಯಂಗಿಲ್ರಿ, ಮಾಲಕರು ಒದೀತಾರ" ಎಂದೆ. ಅವನು ನಕ್ಕ. ಆ ನಗು ನನಗೆ ಬಹಳ ಹಿಡಿಸಿತು. ಇವನನ್ನೇ ಮದುವೆಯಾಗಬೇಕು ಎಂದು ಅಲ್ಲೇ, ಚಿಮಟಿಗೆ ಕೈಯಲ್ಲಿದ್ದಾಗಲೇ ಅನ್ನಿಸಿತು.

ಹೆಡ್‌ಮಾಸ್ತರರು ನಡುಮನೆಯಲ್ಲಿ ನಿಂತು ತೀರ್ಪು ಕೊಟ್ಟರು. "ಹುಡಿಗಿ ನಮಗ ಒಪ್ಪಿಗ್ಯಾದ. ನಮ್ಮ ಹುಡುಗ ಬ್ಯಾಡಂದ್ರೂ ಒಪ್ಪಿಗ್ಯಾದ."

ಅಮ್ಮನ ಕಣ್ಣಲ್ಲಿ ನೀರು ಬಂತು. ಆಗ ಗಂಡಿನ ತಾಯಿ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದರು. ಮುಖದಲ್ಲಿ ನಗುವಿರಲಿಲ್ಲ. "ಅದೆಲ್ಲಾ ಖರೇ. ಆದ್ರ ಒಂದು ಮಾತು ಈಗೇ ಆಗಿಬಿಡಲಿ. ಲಗ್ನ ಆದಮ್ಯಾಲ ಹಿಂಗ ಸೇಡಂ, ವಾಡಿ, ಶಹಾಬಾದ ಅಂತ ತಿರಗೋದು ನಮಗ ನಡಿಯಂಗಿಲ್ಲ."

ಅಮ್ಮ ನನ್ನ ಕಾಲು ತುಳಿದಳು. ಗಂಡು ಏನೋ ಹೇಳಲು ಬಾಯಿ ತೆರೆದ. ಅವನು ಹೇಳುವ ಮೊದಲೇ ನಾನು ಎದ್ದು ನಿಂತೆ. ಅವನ ಕಡೆ ನೋಡಿದರೆ ಮಾತು ಹೊರಡುವುದಿಲ್ಲ ಎಂದು ನೆಲ ನೋಡುತ್ತಾ ಹೇಳಿದೆ. "ಹಂಗಾದ್ರ ಬ್ಯಾಡ್ರಿ. ಮನಿ ಛಲೋ ಅದ, ನಿಮ್ಮ ಮಗನೂ ಭಾಳ ಛಲೋ ಅದಾರ. ಆದ್ರ ಕೆಲಸ ಬಿಡಾಕ ನನ್ನ ಕೈಲೆ ಆಗಂಗಿಲ್ಲ."

"ಕೆಲಸ ಬಿಡು ಅಂತ ಯಾರು ಅಂದ್ರವಾ?" ಆಕೆ ನನಗಿಂತ ಗಾಬರಿಯಾಗಿದ್ದರು. ಕುಂಕುಮದ ಕೈಯನ್ನು ಅಂಗಳದ ಕಡೆ ಚಾಚಿದರು. ಜಮಖಾನದ ಮೇಲೆ ಲ್ಯಾಪ್‌ಟಾಪುಗಳನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಅರ್ಧ ಓಣಿ ಕೂತಿತ್ತು. "ಇವರನ್ನೆಲ್ಲಾ ಹಿಂಗ ಕುಂದ್ರಿಸಿ ನೀ ವಾಡಿಗೆ ಹೋಗಿ ಕುಂತ್ರ, ಬೈಸ್ಕೊಳ್ಳೋರು ಯಾರು? ಮೊದಲ ಚಿಂಚೋಳಿ ಮುಗಸು, ಆಮ್ಯಾಗ ಎಲ್ಲಿಗರೆ ಹೋಗು!"

ಹಾಗೆಂದು ನನ್ನ ಹಣೆಗೆ ಕುಂಕುಮ ಹಚ್ಚಿದರು. ಈಗ ವಾರದಲ್ಲಿ ಕೆಲವು ದಿನ ಅತ್ತೆಯೇ ಬುತ್ತಿ ಕಟ್ಟಿ ಬ್ಯಾಗಿಗೆ ಹಾಕುತ್ತಾರೆ, ಗಂಡ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಾನೆ. ಸೇಡಂ, ವಾಡಿ, ಶಹಾಬಾದ ಎಲ್ಲಾ ಸುತ್ತಿ ಬರುತ್ತೇನೆ. ಓಣಿಯವರ ಕಣ್ಣು ತಪ್ಪಿಸಿ ಕದ್ದು ಹೋಗಬೇಕಾಗುತ್ತದೆ, ಅಷ್ಟೇ. ಚಿಂಚೋಳಿ ಇನ್ನೂ ಮುಗಿದಿಲ್ಲ.